ಎಮ್ಮೆ ಬಾರದ ಓಣಿ

ಶಿಷ್ಯ ಇಂದುಧರ ಕೇಳಿದ: "ಮೇಷ್ಟ್ರೇ, ಕೆಂಪುಕಣ ಬಿಟ್ಟು ಅದರೊಳಗಿನ ಹಿಮೋಗ್ಲೋಬಿನ್ನಿಂದಷ್ಟೇ ಬದಲಿ ರಕ್ತ ಮಾಡಿದೆವು. ಆಮ್ಲಜನಕ ಹೊರುವುದು ಅದೇ ತಾನೇ? ಮೊಲಕ್ಕೆ ಕೊಟ್ಟಾಗ ರಕ್ತ ತೆಳುವಾಯಿತು. ಸಲೀಸಾಗಿ ಹರಿಯಬೇಕಿತ್ತು. ರಕ್ತದ ಕಿರುನಾಳಗಳು ಯಾಕೆ ಮುದುಡಿಕೊಂಡವು?"

ಮೇಷ್ಟ್ರು ಹೇಳಿದರು:

ಒಂದೂರಿನಲ್ಲಿ ಒಬ್ಬ ಹಾಲಿನವನಿದ್ದ. ಊರಿನ ಹೆಸರು ಕೇಳಬೇಡ, ಪ್ರತಿ ಸಲ ಬೇರೆ ಹೇಳುತ್ತೇನೆ. ಅವನು ಎಮ್ಮೆಯನ್ನೇ ಮನೆ ಬಾಗಿಲಿಗೆ ಹೊಡೆದುಕೊಂಡು ಹೋಗಿ ಕಣ್ಣೆದುರೇ ಹಾಲು ಕರೆದು ಕೊಡುತ್ತಿದ್ದ. ಓಣಿ ಇಕ್ಕಟ್ಟು, ಎರಡೂ ಬದಿ ಮುಳ್ಳುಬೇಲಿ. ಎಮ್ಮೆಯೋ ದಪ್ಪ, ಸೋಮಾರಿ. ಹೆಜ್ಜೆಗೊಮ್ಮೆ ಬೇಲಿಗೆ ಮೈ ಉಜ್ಜಿಕೊಳ್ಳುತ್ತ ನಿಲ್ಲುತ್ತಿತ್ತು. ಹಿಂದೆ ಬಂದವರು ಬಾಲ ನೋಡುತ್ತ ಕಾಯಬೇಕು. ಓಣಿಯ ಕೊನೆಯ ಮನೆಯಲ್ಲಿ ಒಬ್ಬ ಅಜ್ಜಿ, ಅವಳ ತೊಡೆಯ ಮೇಲೆ ತಾಯಿಯಿಲ್ಲದ ಕೂಸು. ಆ ಕೂಸಿಗೆ ಈ ಹಾಲೇ ಜೀವ.

ಒಂದು ದಿನ ಹಾಲಿನವನಿಗೆ ಬುದ್ಧಿ ಬಂತು. 'ಬೇಕಾದದ್ದು ಹಾಲು. ಇಷ್ಟು ದೊಡ್ಡ ಮೈಯನ್ನು ಯಾಕೆ ಎಳೆದುಕೊಂಡು ತಿರುಗಲಿ?' ಎಮ್ಮೆಯನ್ನು ಕೊಟ್ಟಿಗೆಯಲ್ಲೇ ಕಟ್ಟಿದ. ಹಾಲಿನ ಬಿಂದಿಗೆ ಹೆಗಲಿಗೇರಿಸಿ ಓಣಿಯಲ್ಲಿ ಗಾಳಿಯಂತೆ ಓಡಿದ. ಜನ ಹೊಗಳಿದರು.

ಮಳೆ ಬಂತು. ಬೇಲಿ ಚಿಗುರಿತು. ಅದು ಆಚೆಮನೆಯದೋ ಈಚೆಮನೆಯದೋ ಎಂದು ಹಳೆಯ ಜಗಳವಿದ್ದುದರಿಂದ ಯಾರೂ ಕತ್ತಿ ಮುಟ್ಟಲಿಲ್ಲ. ತುಳುಕಿದ ಹಾಲು ಕುಡಿದು ಬೇಲಿ ಇನ್ನಷ್ಟು ಕೊಬ್ಬಿತು ಎಂದೂ ಹೇಳುತ್ತಾರೆ. ಯಾರು ಅಂದರೆ, ನಾನೇ. ಕೊನೆಗೊಂದು ಬೆಳಿಗ್ಗೆ ಎರಡೂ ಬದಿಯ ಮುಳ್ಳು ಒಂದರ ಕೈ ಒಂದು ಹಿಡಿದುಕೊಂಡಿತ್ತು. ಹಾಲಿನವನು ತುಂಬಿದ ಬಿಂದಿಗೆ ಹೊತ್ತು ಈಚೆಯೇ ನಿಂತ. ಆಚೆ ಕೂಸು ಅಳುತ್ತಿತ್ತು.

"ಅಜ್ಜೀ, ಹಾಲು ತಂದಿದ್ದೀನಿ! ದಾರಿಯೇ ಇಲ್ಲ!"

"ಆ ಹಾಲನ್ನ ನಿನ್ನ ತಲೆ ಮೇಲೆ ಹುಯ್ಕೊ! ಮೊದಲು ಆ ಎಮ್ಮೆ ಹೊಡ್ಕೊಂಡು ಬಾರೋ, ಜಾಣ!"

ಅವನು ಓಡಿಹೋಗಿ ಎಮ್ಮೆ ಬಿಚ್ಚಿ ತಂದ. ಎಮ್ಮೆ ಅವಸರ ಮಾಡಲಿಲ್ಲ. ಎಷ್ಟು ದಿನದ ತುರಿಕೆಯೋ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಉಜ್ಜುತ್ತ, ಅರೆಗಣ್ಣು ಮುಚ್ಚಿ ನಡೆಯಿತು. ಮುಳ್ಳು ಮುರಿದು ಬಿತ್ತು. ಅದರ ಬಾಲ ಹಿಡಿದುಕೊಂಡು ಹಾಲಿನವನೂ ಅಜ್ಜಿಯ ಬಾಗಿಲು ಮುಟ್ಟಿದ. ಕೂಸು ಕುಡಿದು ತೇಗಿತು.

ಇಂದುಧರ ತನ್ನ ಕೆಂಪು ಸೀಸೆಯನ್ನು ಎತ್ತಿ ಹಿಡಿದ. "ಆದರೆ ಮೇಷ್ಟ್ರೇ, ಇದರಲ್ಲಿ ಏನೂ ಕಡಿಮೆ ಇಲ್ಲವಲ್ಲ?"

ಮೇಷ್ಟ್ರು ಅವನ ಬೆನ್ನು ಸವರಿದರು.

"ಹಾಲೇನೋ ತುಂಬಿದ್ದೀಯ ಮಗನೇ, ನಾಳದ ಗೋಡೆಗೆ ಮೈ ಉಜ್ಜುವವರು ಯಾರು?"