ಕನಸಿನ ಆಟಗಾರನ ಮೊದಲ ಗುದ್ದು

ಮೈಸೂರಿನ ಒಂದು ರಗ್ಬಿ ಕ್ಲಬ್ಬಿನಲ್ಲಿ ಒಬ್ಬ ಮಾಲಿ ಇದ್ದ. ಹುಲ್ಲು ಕತ್ತರಿಸೋದು, ಸುಣ್ಣದ ಗೆರೆ ಎಳೆಯೋದು ಅವನ ಕೆಲಸ. ಸಂಜೆ ಅವನೂ ಆಟಗಾರ ಮಾಚಯ್ಯನೂ ಗೋಡೆಗೊರಗಿ ಟೀ ಕುಡಿಯೋರು. ಮಾಲಿಗೆ ಮನೆಯಲ್ಲಿ ಮಾತಿಗೆ ಯಾರೂ ಇರಲಿಲ್ಲ.

ಒಂದು ದಿನ ಕ್ಲಬ್ಬಿನ ಅಧ್ಯಕ್ಷರು ಬಂದರು.

"ತಂಡ ಬರೀ ಸೋಲ್ತಿದೆ. ಆ ಮುದಿ ಮಾಚಯ್ಯನ್ನ ತೆಗೀತೀನಿ. ಗುದ್ದಿದರೆ ಗೋಡೆ ಬೀಳಬೇಕು, ಅಂಥವನು ಬೇಕು. ಅದು ನನ್ನ ಕನಸು. ನಿನಗೆ ಊರೆಲ್ಲ ಗೊತ್ತಲ್ಲ, ಭಾನುವಾರ ಕರ್ಕೊಂಡು ಬಾ!"

"ಆಗಲಿ ಬುದ್ಧಿ," ಅಂದ ಮಾಲಿ. ಆವತ್ತು ಅವನಿಗೆ ಟೀ ಸೇರಲಿಲ್ಲ.

ಭಾನುವಾರ ಮಂಡಿಯ ಹಮಾಲಿ ಕೆಂಚಣ್ಣನನ್ನು ಕರೆತಂದ. ಅವನು ಗೇಟಿನೊಳಗೆ ಪಕ್ಕಕ್ಕೆ ತಿರುಗಿಯೇ ಬರಬೇಕಾಯಿತು. ಅಧ್ಯಕ್ಷರಿಗೆ ಖುಷಿಯೋ ಖುಷಿ.

"ಇವನೇ! ಸಹಿ ಹಾಕಿಸು!"

"ಹಾಕಿಸೋಣ ಬುದ್ಧಿ. ಅದಕ್ಕೆ ಮುಂಚೆ ಕ್ಲಬ್ಬಿನ ಪದ್ಧತಿ ಇದೆಯಲ್ಲ. ಹೊಸಬನನ್ನ ಆರಿಸಿದವರು ಚೆಂಡು ಹಿಡ್ಕೊಂಡು ಓಡಬೇಕು, ಹೊಸಬ ಅವರನ್ನ ಕೆಡವಬೇಕು. ಮಾಚಯ್ಯನ್ನ ಆರಿಸಿದಾಗ ನಿಮ್ಮ ತಂದೆಯವರೇ ಓಡಿದ್ರು." ಹಾಗಂದು ಚೆಂಡನ್ನು ಅಧ್ಯಕ್ಷರ ಕೈಗಿಟ್ಟ.

ಅಧ್ಯಕ್ಷರು ಚೆಂಡು ನೋಡಿದರು. ಕೆಂಚಣ್ಣನ ತೋಳು ನೋಡಿದರು. ತಂಡದವರೆಲ್ಲ ಗೆರೆಯ ಮೇಲೆ ಸಾಲಾಗಿ ನಿಂತು ಕಾಯುತ್ತಿದ್ದರು. ಕೆಂಚಣ್ಣ ನಿಧಾನವಾಗಿ ಅಂಗಿ ಬಿಚ್ಚತೊಡಗಿದ.

"ಅಲ್ಲಯ್ಯಾ," ಅಂದರು ಅಧ್ಯಕ್ಷರು ಮೆಲ್ಲಗೆ, "ನಮ್ಮಪ್ಪ ಆರಿಸಿದವನನ್ನ ನಾನು ತೆಗೆದರೆ ಚೆನ್ನಾಗಿರುತ್ತಾ? ಮಾಚಯ್ಯನೇ ಇರಲಿ ಬಿಡು." ಚೆಂಡು ವಾಪಸ್ ಕೊಟ್ಟು ಕಾರು ಹತ್ತಿದರು.

ಆವತ್ತು ಗೋಡೆಗೊರಗಿ ಮೂವರು ಟೀ ಕುಡಿದರು. ಕೆಂಚಣ್ಣ ಚೆಂಡನ್ನು ತಿರುಗಿಸಿ ತಿರುಗಿಸಿ ನೋಡಿದ. ಮೆತ್ತಗೆ ಕೇಳಿದ:

"ಅಲ್ಲಣ್ಣೋ, ಈ ಚೆಂಡು ಯಾಕಿಂಗೆ ಉದ್ದಕ್ಕಾಗೈತೆ? ತಿಳೀದೆ ನಾನೇನಾದ್ರೂ ಇದರ ಮೇಲೆ ಕೂತುಬಿಟ್ನಾ?"