ಹತ್ತೂ ಜನ ಮುಂದಕ್ಕೆ!

ಪುರಸಭೆಯ ಮುಖ್ಯಾಧಿಕಾರಿ ರುದ್ರಮುನಿ ಸಾಹೇಬರಿಗೆ ಕಂಪ್ಯೂಟರಿನ ಫುಟ್‌ಬಾಲ್ ಆಟದ ಹುಚ್ಚು. ಅದರಲ್ಲಿ ಚೆಂಡು ಒದೆಯುವುದು ನಾವಲ್ಲ. ಯಾರು ಎಲ್ಲಿ ನಿಲ್ಲಬೇಕೆಂದು ಹೇಳಿ, ಕೂತು ನೋಡುವುದಷ್ಟೇ ನಮ್ಮ ಕೆಲಸ. ಅಂದು ಸಂಜೆ ಅವರ ಭಾವಮೈದುನನ ತಂಡದ ಮೇಲೆ ಫೈನಲ್.

"ಗೋಲ್‌ಕೀಪರ್ ಬಿಟ್ಟು ಹತ್ತೂ ಜನ ಮುಂದೆ ನುಗ್ಗಬೇಕು! ಹಿಂದೆ ನಿಲ್ಲೋನು ಹೇಡಿ," ಎಂದು ಗುಮಾಸ್ತ ಹೊನ್ನೂರಪ್ಪನಿಗೆ ಅಪ್ಪಣೆಯಾಯಿತು. "ಸೋತರೆ ನಿನಗೆ ರಜೆ ಇಲ್ಲ."

ಹೊನ್ನೂರಪ್ಪನಿಗೆ ಆ ರಜೆ ಬೇಕೇ ಬೇಕಿತ್ತು. ನಾಳೆ ಮಗಳ ಸೀಮಂತ. ಎಲ್ಲರೂ ಮುಂದೆ ಹೋದರೆ ಸೋಲು ಖಚಿತ, ಏಕೆಂದರೆ ಹಿಂದೆ ತಡೆಯುವವರೇ ಇರುವುದಿಲ್ಲ. ಕೂತರೂ ನಿಂತರೂ ಸಮಾಧಾನವಿಲ್ಲ. ಗಡಿಯಾರ ನೋಡಿದ, ಬಾಗಿಲು ನೋಡಿದ. ಸಾಹೇಬರ ಕೋಣೆಯ ಬಾಗಿಲಲ್ಲಿ ಜವಾನ ಕರಿಬಸಪ್ಪ ಸ್ಟೂಲಿನ ಮೇಲೆ ಕೂತು, ಬಂದವರಿಗೆಲ್ಲ "ಸಾಹೇಬ್ರು ಮೀಟಿಂಗ್‌ನಲ್ಲಿದಾರೆ" ಎನ್ನುತ್ತಿದ್ದ.

"ಕರಿಬಸಣ್ಣ, ಎಲ್ಲರೂ ಮುಂದೆ ಹೋಗ್ಬೇಕಂತೆ. ನೀನೂ ಮುಂದಿನ ಕೌಂಟರಿಗೆ ನಡಿ," ಎಂದ ಹೊನ್ನೂರಪ್ಪ, ಉಪಾಯ ಹೊಳೆದವನಂತೆ.

ಅವನು ಎದ್ದದ್ದೇ ತಡ, ನಲ್ಲಿ ನೀರು ಬಾರದ ಓಣಿಯ ಹೆಂಗಸರು ಖಾಲಿ ಕೊಡಗಳೊಂದಿಗೆ ಒಳನುಗ್ಗಿದರು. "ಇದೇನಾ ಸ್ವಾಮಿ ನಿಮ್ಮ ಮೀಟಿಂಗು?" ಎಂದು ಒಬ್ಬಾಕೆ ಕೊಡವನ್ನು ಕೀಬೋರ್ಡಿನ ಮೇಲೇ ಕುಕ್ಕಿದಳು.

"ಹೊನ್ನೂರಪ್ಪಾ! ಕರಿಬಸಪ್ಪ ಎಲ್ಲಿ?"

"ಮುಂದೆ ನುಗ್ಗಿದಾನೆ ಸಾರ್. ಹಿಂದೆ ನಿಲ್ಲೋನು ಹೇಡಿ ಅಲ್ವೇ?"

ಸಾಹೇಬರು ಸಂಜೆಯೊಳಗೆ ನೀರು ಬಿಡಿಸುವುದಾಗಿ ಮಾತು ಕೊಟ್ಟು, ಬೆವರು ಒರೆಸಿಕೊಂಡು ಗೊಣಗಿದರು: "ಮೊದಲು ಅವನನ್ನ ಸ್ಟೂಲಿಗೆ ಕರಿ. ಆಮೇಲೆ ಆಟದಲ್ಲೂ ನಾಲ್ಕು ಜನ ಕರಿಬಸಪ್ಪಂದಿರನ್ನ ಹಿಂದೆ ನಿಲ್ಲಿಸು."

ತಂಡ ಒಂದು ಗೋಲಿನಿಂದ ಗೆದ್ದಿತು. ಓಣಿಗೆ ನೀರು ಬಂತು, ಹೊನ್ನೂರಪ್ಪ ಸೀಮಂತಕ್ಕೆ ಹೋದ. ಫೈನಲ್ ಗೆಲ್ಲಿಸಿದ್ದು ತಾನೇ ಎಂದು ಕರಿಬಸಪ್ಪ ಮಾತ್ರ ಇಂದಿಗೂ ಸ್ಟೂಲಿನ ಮೇಲೆ ಕೂತು ಹೇಳುತ್ತಾನೆ.