ಸಪ್ತಮಿಯ ಗಂಟು

ಯುಗಾದಿಯ ಮರುದಿನ, ಹೊಸತೊಡಕಿನ ಬಾಡೂಟ ಮನೆಯವರೆಲ್ಲ ಉಂಡು ಮಲಗಿದ್ದಾಗ, ಏಳನೇ ಕ್ಲಾಸನ್ನು ಅರ್ಧಕ್ಕೇ ಬಿಟ್ಟು, ಕೆಂಚಪ್ಪ ಮೊದಲ ಸಲ ಊರು ಬಿಟ್ಟ. ಆಮೇಲೆ ಅವನ ಕಾಲು ಎಲ್ಲೂ ನಿಲ್ಲಲಿಲ್ಲ. ಊರಿಗೊಂದು ಕಸುಬು ಕಲಿತ, ಊರಿಗೊಂದು ಹೆಸರು ಇಟ್ಟುಕೊಂಡ. ಮನೆಯವರು ಹುಡುಕಿ ಎಳೆದೊಯ್ಯಬಾರದಲ್ಲ. ಚಿಕ್ಕಂದಿನಲ್ಲಿ ಅವ್ವ ತೋಳಿನ ಮೇಲೆ ಅವನ ಹೆಸರನ್ನು ಹಚ್ಚೆ ಹಾಕಿಸಿದ್ದಳು. ಅದನ್ನು ಮುಚ್ಚಲು ಎಂಥ ಬಿಸಿಲಿಗೂ ತುಂಬುತೋಳಿನ ಅಂಗಿ. ಈಗ ಒಬ್ಬ ಗುರುಗಳ ಬಳಿ ಬಂದು ಮೂರು ತಿಂಗಳಾಗಿತ್ತು. ಇಲ್ಲಿ ಅವನು ಶಾಂತಮೂರ್ತಿ.

ಒಂದು ಬೆಳಿಗ್ಗೆ ಅವನು ಕೇಳಿದ: "ಗುರುಗಳೇ, ಇಲ್ಲಿಗೆ ಬರುವ ಮುಂಚೆ ಒಂದು ಅಣೆಕಟ್ಟಿನಲ್ಲಿ ಕಂಪ್ಯೂಟರ್ ಕೂರಿಸಿ ಬಂದೆ. ದೂರದ ಕಚೇರಿಯಿಂದ ಸಂದೇಶ ಬಂದರೆ ಅದು ಗೇಟು ಎತ್ತುತ್ತದೆ. ಕಳಿಸಿದವರ ಹೆಸರು ಸಂದೇಶದಲ್ಲೇ ಇರುತ್ತದೆ. ಆದರೂ ಪುರಾವೆ ಕೇಳಬೇಕಂತೆ. ಹೆಸರು ಸಾಲದೇ?"

"ಕೂತುಕೋ, ಶಾಂತಮೂರ್ತಿ" ಎಂದು ಗುರುಗಳು ಕತೆ ಹೇಳಿದರು.

ಒಂದು ಕೆರೆ. ತೂಬು ಎತ್ತಿ ನೀರು ಬಿಡುವವನು ಒಬ್ಬ ನೀರುಗಂಟಿ. ಹರಿದಾರಿ ದೂರದಲ್ಲಿ, ಕೆಳಗೆ ಊರು. ನೀರು ಬೇಕಾದಾಗ ಊರಿನ ಯಜಮಾನ ಆಳನ್ನು ಕಳಿಸುತ್ತಿದ್ದ. ಯಜಮಾನನ ಹೆಸರು ಹೇಳಿದರೆ ನೀರುಗಂಟಿ ತೂಬು ಎತ್ತುತ್ತಿದ್ದ.

ಒಬ್ಬ ವ್ಯಾಪಾರಿಗೆ ಕಾಲುವೆಯಲ್ಲಿ ಬಿದಿರು ತೇಲಿಸಬೇಕಾಗಿತ್ತು. ಕಾಲುವೆಯಲ್ಲಿ ನೀರಿರಲಿಲ್ಲ. ಬಂದು ಯಜಮಾನನ ಹೆಸರು ಹೇಳಿದ. ತೂಬು ಎದ್ದಿತು. ಕೆಳಗೆ ಗದ್ದೆಯಲ್ಲಿ ಕೊಯ್ದು ಹಾಸಿದ್ದ ಭತ್ತ ಬಿದಿರಿನ ಜೊತೆಗೇ ತೇಲಿಹೋಯಿತು.

ಯಜಮಾನ ಒಂದು ಬಿದಿರಿನ ತುಂಡನ್ನು ಸೀಳಿ, ಅರ್ಧ ನೀರುಗಂಟಿಗೆ ಕೊಟ್ಟ, ಅರ್ಧ ಆಳಿಗೆ ಕೊಟ್ಟ. ಜೋಡಿ ಕೂಡಿದರೆ ಮಾತ್ರ ನೀರು. ಮರುವರ್ಷ ಆಳು ದಾರಿಯಲ್ಲಿ ನಿದ್ದೆಹೋದಾಗ ವ್ಯಾಪಾರಿ ಆ ತುಂಡನ್ನು ಎತ್ತಿಕೊಂಡ. ಮತ್ತೆ ಭತ್ತ ಹೋಯಿತು.

"ಆಮೇಲೆ?" ಕೆಂಚಪ್ಪ ಮುಂದಕ್ಕೆ ಸರಿದು ಕೂತ.

ಆಮೇಲೆ ಯಜಮಾನ ತಾನೇ ಕೆರೆಗೆ ನಡೆದುಹೋದ. ಇಬ್ಬರೂ ಏರಿಯ ಮೇಲೆ, ಯಾರ ಕಿವಿಯೂ ಇಲ್ಲದ ಕಡೆ ಕೂತರು. ಒಂದೊಂದು ತಿಥಿಗೆ ಒಂದೊಂದು ಬಗೆಯ ಗಂಟು ಎಂದು ಗೊತ್ತುಮಾಡಿಕೊಂಡರು. ಆಳಿನ ಕೈಗೆ ಆ ದಿನದ ಗಂಟು ಹಾಕಿದ ಹಗ್ಗ ಬಂತು. ಅದರ ಅರ್ಥ ಆಳಿಗೂ ತಿಳಿಯದು. ಅಮಾವಾಸ್ಯೆಗೊಮ್ಮೆ ಕೂತು ಗಂಟುಗಳನ್ನೆಲ್ಲ ಬದಲಾಯಿಸಿದರು.

ವ್ಯಾಪಾರಿ ಹಿಂದಿನ ದಿನದ ಹಗ್ಗ ಹಾರಿಸಿಕೊಂಡು ಬಂದ.

"ಯಜಮಾನರ ಹಗ್ಗ ನೋಡು. ಎತ್ತು ತೂಬು."

"ಇದು ಷಷ್ಠಿಯ ಗಂಟು, ಸಾಹುಕಾರ್ರೇ. ಇವತ್ತು ಸಪ್ತಮಿ."

"ನನ್ನ ಮುಖದ ಗುರುತಿಲ್ಲವೇನಯ್ಯ ನಿನಗೆ?"

"ಚೆನ್ನಾಗಿದೆ. ಅದಕ್ಕೇ ಗಂಟನ್ನು ಎರಡು ಸಲ ನೋಡಿದೆ."

ಆ ವರ್ಷ ಭತ್ತ ಕಣ ಸೇರಿತು. ಬಿದಿರು ಗಾಡಿಯಲ್ಲಿ ಹೋಯಿತು.

ಕತೆ ಮುಗಿಯುವ ಹೊತ್ತಿಗೆ ಕೆಂಚಪ್ಪ ಎದ್ದು ನಿಂತಿದ್ದ. ಅವನು ಕೂರಿಸಿದ ಕಂಪ್ಯೂಟರ್ ಹೆಸರನ್ನಷ್ಟೇ ನೋಡುತ್ತದೆ. ಕಚೇರಿಯ ಹೆಸರು ಹಾಕಿ ಯಾರು ಬೇಕಾದರೂ ಸಂದೇಶ ಕಳಿಸಬಹುದು. ಗೇಟಿನ ಕೆಳಗಿನ ಬಂಡೆಗಳ ಮೇಲೆ ಹೆಂಗಸರು ದಿನವೂ ಬಟ್ಟೆ ಒಗೆಯುತ್ತಾರೆ.

"ಎರಡೂ ಕಡೆಗೆ ಒಂದೇ ಗುಟ್ಟು ಇಡುತ್ತೇನೆ, ಗುರುಗಳೇ. ಪ್ರತಿ ಸಂದೇಶಕ್ಕೂ ಆ ಗಳಿಗೆಯದೇ ಗಂಟು. ಹಳೆಯದು ಬಂದರೆ ಗೇಟು ಮಿಸುಕಬಾರದು. ಹತ್ತೂವರೆಯ ಬಸ್ಸು ಸಿಕ್ಕರೆ ಮಧ್ಯಾಹ್ನಕ್ಕೇ ಅಲ್ಲಿರುತ್ತೇನೆ."

ಮಾತಾಡುತ್ತಲೇ ಪಂಚೆ, ಚಾರ್ಜರು, ಲ್ಯಾಪ್‌ಟಾಪು ಎಲ್ಲವನ್ನೂ ಚೀಲಕ್ಕೆ ತುರುಕಿದ. ಬಿಟ್ಟುಬಂದ ಊರಿಗೆ ಅವನು ಎಂದೂ ತಿರುಗಿ ಹೋದವನಲ್ಲ. ಇದೇ ಮೊದಲು. ಬೆವರು ಇಳಿಯುತ್ತಿತ್ತು, ಮಣಿಕಟ್ಟಿನವರೆಗಿನ ಅಂಗಿಯ ತೋಳು ಒದ್ದೆಯಾಗಿ ಮೈಗೆ ಅಂಟಿಕೊಂಡಿತ್ತು.

ಚೀಲದ ಜಿಪ್ಪು ಅರ್ಧ ಎಳೆದಿದ್ದ. ಗುರುಗಳು ಹಿಂದಿನಿಂದ ಹೇಳಿದರು:

"ಹೋಗಿ ಬಾ ಕೆಂಚಪ್ಪ, ಮುಂದಿನ ಸಲ ಇಂಥ ಸೆಖೆಗೆ ತುಂಬುತೋಳು ಬೇಡ."

ಜಿಪ್ಪು ಅಲ್ಲೇ ನಿಂತಿತು.